ಕೆರಿಯಪ್ಪ ಮೇಷ್ಟ್ರು ಇನ್ನೊಬ್ಬರ ಸಹಿ ಹಾಕಿದ ವರ್ಷ

ಸರ್ಕಾರಿ ಪದವಿ ಕಾಲೇಜಿಗೆ ಮಕ್ಕಳನ್ನು ಕಳಿಸುತ್ತೀರಲ್ಲ, ಅಲ್ಲಿ ಪಾಠ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರು. ಸೆಮಿಸ್ಟರ್ ಶುರುವಾಗಿ ಎಷ್ಟೋ ದಿನ ಕಳೆದ ಮೇಲೆ ಬರುತ್ತಾರೆ, ಪರೀಕ್ಷೆ ಹೊತ್ತಿಗೆ ಬಿಡುಗಡೆ ಪತ್ರ ಹಿಡಿದು ಹೋಗುತ್ತಾರೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಹೊಸಬರ ಹಾಗೆ ಸಾಲಿನಲ್ಲಿ ನಿಲ್ಲುತ್ತಾರೆ. ಇದೇನು ಗುಟ್ಟಲ್ಲ. ಗೊತ್ತಿದ್ದೂ ನಾವು ಮದುವೆ ಮನೆಯಲ್ಲಿ ಸಿಕ್ಕಾಗ ಅವರನ್ನು ‘ಏನು ಪ್ರೊಫೆಸರೇ’ ಎಂದು ಮಾತಾಡಿಸುತ್ತೇವೆ. ಹಾಗೆ ಕರೆಯುವುದಕ್ಕೆ ಸರ್ಕಾರದ ಆದೇಶ ಬೇಕಿಲ್ಲವಲ್ಲ.

ಅಂಥ ಪ್ರೊಫೆಸರರಲ್ಲಿ ಒಬ್ಬರು ಜಿ. ಕೆರಿಯಪ್ಪ. ಎಂ.ಎ., ಎಂ.ಫಿಲ್., ಅರ್ಥಶಾಸ್ತ್ರ. ವಯಸ್ಸು ನಲವತ್ತಾರು, ಪಾಠ ಮಾಡಿದ್ದು ಹತ್ತೊಂಬತ್ತು ವರ್ಷ, ಹುದ್ದೆ ಇಲ್ಲ.

ಅವರ ಅಜ್ಜನ ಗೇಣಿ ಗದ್ದೆ ಶರಾವತಿ ದಂಡೆಯಲ್ಲಿತ್ತು. ಲಿಂಗನಮಕ್ಕಿಗೆ ಅಣೆಕಟ್ಟು ಕಟ್ಟಿದಾಗ ಹಿಂದಿನಿಂದ ನೀರು ಬಂತು, ಮುಂದಿನಿಂದ ಲಾರಿ ಬಂತು. ತೊಲೆ, ಬಾಗಿಲು, ಒರಳುಕಲ್ಲು, ಮಕ್ಕಳು, ಎಲ್ಲವನ್ನೂ ಹೇರಿಕೊಂಡು ಬಂದು ಹೊಸನಗರದ ಕಡೆಯ ಒಂದು ಕಾಡಿನಲ್ಲಿ ಇಳಿಸಿದರು. “ಇದು ನಿಮ್ದೇ ಜಾಗ, ಕಾಗದ ಆಮೇಲೆ ಬರ್ತದೆ” ಎಂದು ಯಾರೋ ಸಾಹೇಬರು ಹೇಳಿ ಜೀಪು ಹತ್ತಿದರು. ಕಾಗದ ಕಾಯುತ್ತ ಅಜ್ಜ ಹೋದರು, ಅಪ್ಪ ಗುತ್ಯಪ್ಪ ಹೋದರು, ಆ ಸಾಹೇಬರೂ ಹೋಗಿರಬೇಕು. ನಾಡಿಗೆಲ್ಲ ದೀಪ ಹತ್ತಿತು. ಇವರ ಮನೆಗೆ ಹಕ್ಕುಪತ್ರ ಬರಲಿಲ್ಲ. ಇಷ್ಟಾದ ಮೇಲಾದರೂ ಆ ಮನೆಯವರು ಬಾಯಿಮಾತು ನಂಬುವುದನ್ನು ಬಿಡಬೇಕಿತ್ತು. ಬಿಡಲಿಲ್ಲ. ಅದೊಂದು ಆ ಮನೆಯ ಕಾಯಿಲೆ.

ಮೇಷ್ಟ್ರ ಮೊದಲ ಏಳು ವರ್ಷ ಕಳೆದದ್ದು ಬಸ್ಸಿನಲ್ಲಿ. ಈ ವರ್ಷ ಸಾಗರ, ಬರುವ ವರ್ಷ ತೀರ್ಥಹಳ್ಳಿ, ಅಲ್ಲಿಯೂ ಪಾಠದ ಗಂಟೆ ಸಾಲದೆ ಹೋದರೆ ಹೊಸನಗರ. ಯಾವ ಬಸ್ಸು ಯಾವ ತಿರುವಿನಲ್ಲಿ ಕೆಡುತ್ತದೆ ಎಂಬುದು ಅವರಿಗೆ ಡ್ರೈವರಿಗಿಂತ ಮೊದಲು ಗೊತ್ತಾಗುತ್ತಿತ್ತು. ಕಡೆಗೆ ಹೊಸನಗರದಿಂದ ಹುಂಚದ ಕಡೆ ಹೋಗುವ ದಾರಿಯಲ್ಲಿರುವ ಹೊನ್ನೆಬೈಲು ಎಂಬ ಊರಿನ ಸಣ್ಣ ಕಾಲೇಜಿನಲ್ಲಿ ನೆಲೆ ನಿಂತರು. ನೆಲೆ ನಿಂತರು ಎಂದರೆ, ಪ್ರತಿ ವರ್ಷ ಅಲ್ಲಿಂದಲೇ ಬಿಡುಗಡೆಯಾಗತೊಡಗಿದರು.

ಬಿಡುಗಡೆಗೆ ಮುಂಚೆ ವಿದ್ಯಾರ್ಥಿಗಳು ಬೀಳ್ಕೊಡುಗೆ ಇಟ್ಟುಕೊಳ್ಳುವುದು ಈ ಕಡೆಯ ಕಾಲೇಜುಗಳ ಪದ್ಧತಿ. ಶಾಲು, ಹಾರ, ಐದು ಮೂಸಂಬಿ. “ನಿಮ್ಮ ಸೇವೆ ಮರೆಯಲು ಸಾಧ್ಯವಿಲ್ಲ” ಎಂದು ಪ್ರಾಂಶುಪಾಲರು ಭಾಷಣ ಮಾಡುತ್ತಾರೆ, ಮಧ್ಯಾಹ್ನವೇ ಮರೆಯುತ್ತಾರೆ. ಮೂರು ತಿಂಗಳ ನಂತರ ಅದೇ ಮೇಷ್ಟ್ರು ಅದೇ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತರೆ “ಹೆಸರೆಂತ?” ಎಂದು ಕೇಳುತ್ತಾರೆ. ಎಲ್ಲ ಊರಿನದೂ ಸೇರಿ ಮನೆಯಲ್ಲಿ ಹದಿನೆಂಟು ಶಾಲುಗಳಿವೆ. ಮೇಷ್ಟ್ರ ತಾಯಿ ಜಲಜಮ್ಮ ಬೇಸಿಗೆಯಲ್ಲಿ ಅವುಗಳನ್ನು ಅಂಗಳದಲ್ಲಿ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಾರೆ. ಜರಿ ಅಂಚಿನ ಮೇಲೆ ಹಪ್ಪಳ ಬೇಗ ಒಣಗುತ್ತದಂತೆ. ಆ ಶಾಲುಗಳಿಂದ ಆದ ಉಪಯೋಗ ಅದೊಂದೇ.

ಮದುವೆಗೂ ಒಮ್ಮೆ ಪ್ರಯತ್ನವಾಗಿತ್ತು. ತೀರ್ಥಹಳ್ಳಿ ಕಡೆಯ ಹೆಣ್ಣು. ಹುಡುಗಿಯ ಅಪ್ಪ ಎಲೆಯಡಿಕೆ ತಟ್ಟೆ ಮುಂದಿಟ್ಟು ಕೇಳಿದರು.

“ಕಾಲೇಜಲ್ಲಿ ಅಂದ್ರಿ. ಪರ್ಮನೆಂಟಾ?”

“ಇಲ್ಲ. ಗೆಸ್ಟು.”

“ಎಷ್ಟ್ ವರ್ಷದಿಂದ?”

“ಎಂಟು.”

ಅವರು ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆಗೇ ಎಳೆದುಕೊಂಡರು. “ಎಂಟ್ ವರ್ಷ ಅಲ್ಲೇ ಇದ್ದೂ ಆ ಮನೆಯವ್ರು ನಿಮ್ಮನ್ನ ಒಳಗೆ ಕರೀಲಿಲ್ಲ ಅಂದ್ರೆ ನಾ ಹ್ಯಾಂಗ್ ಕರೀಲಿ ಮಾರಾಯ್ರೆ?”

ಮೇಷ್ಟ್ರು ಮತ್ತೆ ಆ ಪ್ರಯತ್ನಕ್ಕೆ ಹೋಗಲಿಲ್ಲ.

ಇಷ್ಟು ಹೇಳಿದರೆ ಮನುಷ್ಯ ನಿರುಪಯೋಗಿ ಎಂದುಕೊಳ್ಳುತ್ತೀರಿ. ಅಲ್ಲ. ಪಾಠಕ್ಕೆ ನಿಂತರೆ ಬೇರೆ ಕ್ಲಾಸಿನವರೂ ಕಿಟಕಿಯ ಹೊರಗೆ ನಿಲ್ಲುತ್ತಿದ್ದರು.

“ಮೊದ್ಲನೇ ಕಡುಬು ಅಮೃತ. ಎರಡನೇದು ರುಚಿ. ನಾಲ್ಕನೇದು ಬಡಿಸೋಕೆ ಅತ್ತೆ ಬಂದ್ರೆ ಎಲೆಗೆ ಕೈ ಅಡ್ಡ ಹಿಡೀತೀರಿ. ಕೈ ಅಡ್ಡ ಬಂತಲ್ಲ, ಅದೇ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ. ಬರ್ಕೊಳಿ.”

“ಸರ್, ನಮ್ಮಪ್ಪ ಏಳನೇದಕ್ಕೂ ಕೈ ಅಡ್ಡ ಹಿಡಿಯಲ್ಲ.”

“ನಿಮ್ಮಪ್ಪ ನಿಯಮದ ಅಪವಾದ. ಅದ್ನೂ ಬರ್ಕೊಳಿ, ಐದ್ ಮಾರ್ಕ್ಸಿಗೆ ಕೇಳ್ತಾರೆ.”

ಅರ್ಥಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಒಂದು ವಾಕ್ಯವಿದೆ: ಮನುಷ್ಯ ತನ್ನ ಲಾಭವನ್ನು ತಿಳಿದು ನಡೆಯುವ ವಿವೇಕಿ. ಈ ವಾಕ್ಯವನ್ನು ಕೆರಿಯಪ್ಪ ಮೇಷ್ಟ್ರು ಪ್ರತಿ ವರ್ಷ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಬರೆದವರೇ ಅದನ್ನು ಓದಿಕೊಂಡಂತೆ ಕಾಣುವುದಿಲ್ಲ. 2017ರಲ್ಲಿ ಅವರು ಮಾಡಿದ ಕೆಲಸ ನೋಡಿದರೆ ನೀವೂ ಹಾಗೇ ಅನ್ನುತ್ತೀರಿ.

ಆ ವರ್ಷ ಹೊನ್ನೆಬೈಲಿನ ಬಿ.ಎ.ಗೆ ಮಕ್ಕಳು ಕಡಿಮೆ ಸೇರಿದರು. ಅರ್ಥಶಾಸ್ತ್ರಕ್ಕೆ ಇಬ್ಬರು ಅತಿಥಿಗಳಿದ್ದ ಕಡೆ ಒಬ್ಬರೇ ಸಾಕು ಎಂದಾಯಿತು. ಒಬ್ಬರು ಕೆರಿಯಪ್ಪ. ಇನ್ನೊಬ್ಬರು ಹಿಂದಿನ ವರ್ಷವಷ್ಟೇ ಬಂದ ವಂದನಾ, ಸಾಗರದ ಕಡೆಯ ಹುಡುಗಿ, ವರದಮೂಲದ ಹತ್ತಿರದ ತೋಟದ ಮನೆಯಿಂದ ಬಂದವರು, ಆಗ ಐದು ತಿಂಗಳ ಬಸುರಿ. ನ್ಯಾಯವಾಗಿ ಜಾಗ ಸೀನಿಯರಾದ ಕೆರಿಯಪ್ಪನವರದು. ಆದರೆ ಒಂದೇ ವರ್ಷದ ಅನುಭವದ ವಂದನಾ ಒಮ್ಮೆ ಪಟ್ಟಿಯಿಂದ ಹೊರಬಿದ್ದರೆ ಮತ್ತೆ ಒಳಬರುವುದು ಕಷ್ಟ.

ಪ್ರಭಾರ ಪ್ರಾಂಶುಪಾಲರಾಗಿದ್ದ ಸೀತಾರಾಮಪ್ಪ ಇಬ್ಬರನ್ನೂ ಕರೆಸಿದರು. ಅವರು ಕೆಟ್ಟವರಲ್ಲ. ತೀರ್ಮಾನ ಮಾಡಬೇಕಾದ ಜಾಗದಲ್ಲಿ ಕೂತು ತೀರ್ಮಾನ ಮಾಡದೆ ಇರುವುದನ್ನು ಒಂದು ವಿದ್ಯೆಯ ಮಟ್ಟಕ್ಕೆ ಬೆಳೆಸಿದವರು, ಅಷ್ಟೇ.

“ನೋಡಿ, ನಂಗೆ ಇಬ್ರೂ ಒಂದೇ. ನೀವ್ ನೀವೇ ಅಡ್ಜಸ್ಟ್ ಮಾಡ್ಕಳಿ.”

ಕೆರಿಯಪ್ಪ ಮೇಷ್ಟ್ರು ಅಲ್ಲಿಯೇ ಪೆನ್ನು ತೆಗೆದರು. “ನಂಗೆ ಹನ್ನೊಂದ್ ವರ್ಷ ಆಗಿದೆ ಮೇಡಂ. ಒಂದ್ ವರ್ಷ ಬಿಟ್ರೆ ಎಂತ ಗಂಟು ಹೋಗ್ತದೆ? ನೀವ್ ಇರಿ.” ಸ್ವಇಚ್ಛೆಯಿಂದ ಈ ವರ್ಷ ಬರುವುದಿಲ್ಲ ಎಂದು ಬರೆದು ಕೊಟ್ಟು, ಸಾಗರದ ಅಡಿಕೆ ಮಂಡಿಯೊಂದರಲ್ಲಿ ಚೀಲಗಳ ಮೇಲೆ ನಂಬರು ಬರೆಯುವ ಕೆಲಸಕ್ಕೆ ಸೇರಿಕೊಂಡರು. ಎಂ.ಫಿಲ್. ಓದಿದವರ ಅಕ್ಷರ ಚೆನ್ನಾಗಿದೆ ಎಂದು ಮಂಡಿಯವರಿಗೆ ಸಂತೋಷವಾಯಿತು.

ನವೆಂಬರಿನಲ್ಲಿ ವಂದನಾ ತವರಿಗೆ ಹೊರಟರು. ಆಗ ಅತಿಥಿಗಳಿಗೆ ಬಾಣಂತನದ ರಜೆ ಎಂಬುದು ಇರಲಿಲ್ಲ. ಬರದಿದ್ದರೆ ಬಿಟ್ಟರು ಎಂದೇ ಅರ್ಥ. ಸೀತಾರಾಮಪ್ಪನವರು ಮೇಷ್ಟ್ರಿಗೆ ಫೋನು ಮಾಡಿದರು.

“ಕೆರಿಯಪ್ಪ, ಆ ಹುಡ್ಗಿ ಕ್ಲಾಸ್ ಖಾಲಿ ಬಿದ್ದಿದೆ ಮಾರಾಯ. ನೀವ್ ಬಂದು ಪಾಠ ಮಾಡಿ. ರಿಜಿಸ್ಟರ್ ಹಾಜರಿ ಎಲ್ಲ ಅವಳ ಹೆಸ್ರಲ್ಲೇ ನಡೀಲಿ.”

“ಸಹಿ ಸರ್?”

“ಅದೂ ಅಡ್ಜಸ್ಟ್ ಮಾಡ್ಕಳಿ. ನಾನು ಆ ಕಡೆ ನೋಡಲ್ಲ.”

ನೀವು ಇದನ್ನು ಕೇಳಿ ಬೆಚ್ಚಿಬೀಳಬೇಡಿ. ನಮ್ಮ ಕಡೆಯ ಯಾವ ಸ್ಟಾಫ್ ರೂಮಿನಲ್ಲಿ ಇದು ನಡೆದಿಲ್ಲ ಹೇಳಿ? ಒಬ್ಬಳ ಬಾಣಂತನಕ್ಕೆ, ಒಬ್ಬನ ಅಪ್ಪನ ತಿಥಿಗೆ, ಇನ್ನೊಬ್ಬ ಸಹಿ ಹಾಕುತ್ತಾನೆ. ಸರ್ಕಾರ ಕೊಡದ ರಜೆಯನ್ನು ಅತಿಥಿಗಳು ತಮ್ಮ ತಮ್ಮಲ್ಲೇ ಮಂಜೂರು ಮಾಡಿಕೊಳ್ಳುತ್ತಾರೆ. ಮೇಷ್ಟ್ರು ಒಂದು ಸಂಜೆ ಪೂರ್ತಿ ಹಳೆಯ ನೋಟ್ಸಿನ ಹಿಂದೆ ‘ವಂದನಾ’ ಎಂದು ಬರೆದು ಬರೆದು ಅಭ್ಯಾಸ ಮಾಡಿದರು. ಆ ‘ವಂ’ನ ಸೊನ್ನೆಯ ಬಾಲ ಅವರಿಗೆ ಕಡೆತನಕ ಹಿಡಿತಕ್ಕೆ ಬರಲಿಲ್ಲ.

ಹೀಗೆ ಐದು ತಿಂಗಳು. ಎರಡನೇ ಬಿ.ಎ.ಯಲ್ಲಿ ನಲವತ್ಮೂರು ಮಕ್ಕಳು. ಅವರಿಗೆಲ್ಲ ವಿಷಯ ಗೊತ್ತಿತ್ತು. ಮೇಷ್ಟ್ರು ಬಾಗಿಲಲ್ಲಿ ಕಂಡರೆ ಹಿಂದಿನ ಬೆಂಚಿನಿಂದ ಪಿಸುಮಾತು: “ಏಳ್ರೋ, ವಂದನಾ ಸರ್ ಬಂದ್ರು!” ಮೇಷ್ಟ್ರು ನಗುತ್ತಿದ್ದರು. “ಎದ್ದಿದ್ದು ಸಾಕು, ವಂದನಾ ಸರ್ ಹೇಳ್ತಿದಾರೆ, ಕೂತ್ಕಳಿ.” ತಿಂಗಳ ಗೌರವಧನ ವಂದನಾ ಖಾತೆಗೆ ಬೀಳುತ್ತಿತ್ತು, ಅವರ ಗಂಡ ಶ್ರೀಶ ಅದನ್ನು ಹಾಗೆಯೇ ತಂದು ಮೇಷ್ಟ್ರ ಕೈಲಿಡುತ್ತಿದ್ದ. ಆ ವಿಷಯದಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಆ ಕ್ಲಾಸಿನ ಫಲಿತಾಂಶ ಬಂದಾಗ ಅರ್ಥಶಾಸ್ತ್ರದಲ್ಲಿ ಒಬ್ಬರೂ ಫೇಲಿಲ್ಲ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದ್ದು ಕೂಸನ್ನು ಸೊಂಟಕ್ಕೇರಿಸಿ ಬಂದಿದ್ದ ವಂದನಾಗೆ. ಕೆರಿಯಪ್ಪ ಮೇಷ್ಟ್ರು ಸಭೆಯಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಮುಂದಿನ ವರ್ಷ ಮಕ್ಕಳು ಹೆಚ್ಚಿದರು, ಇಬ್ಬರಿಗೂ ಜಾಗವಾಯಿತು, ಎಲ್ಲರೂ ಮರೆತರು. ಕಡತ ಮರೆಯಲಿಲ್ಲ.

ಈ ವರ್ಷ ಮತ್ತೆ ಒಬ್ಬರೇ ಸಾಕು ಎಂದಾಗಿದೆ. ಜೊತೆಗೆ ಕಾಲೇಜಿನ ಕಚೇರಿ ಇನ್ನೊಂದು ಮಾತು ಸೇರಿಸಿತು: ಸೇವೆ ಅಂದರೆ ನಡುವೆ ಕಡಿಯದ ಸೇವೆ. ಕಡಿದಿದ್ದರೆ ಕಡಿದ ಮೇಲಿನದ್ದಷ್ಟೇ ಲೆಕ್ಕ. ಗುರುವಾರ ನೋಟೀಸ್ ಬೋರ್ಡಿಗೆ ಪಟ್ಟಿ ಬಿತ್ತು. ವಂದನಾ, ಒಂಬತ್ತು ವರ್ಷ. ಕೆರಿಯಪ್ಪ, ಏಳು ವರ್ಷ. ಆಕ್ಷೇಪಣೆ ಇದ್ದರೆ ಏಳು ದಿನದೊಳಗೆ.

ಮೇಷ್ಟ್ರು ಪಟ್ಟಿ ಓದಿದರು. ಹತ್ತೊಂಬತ್ತರಿಂದ ಏಳು ಹೇಗಾಯಿತು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕಡಿದ ಜಾಗದಲ್ಲಿ ಇದ್ದದ್ದು ಅವರದೇ ಕೈಬರಹ: ‘ಸ್ವಇಚ್ಛೆಯಿಂದ’.

ಎರಡು ಕಾಲೇಜು ಸುತ್ತಿ, ನಿವೃತ್ತಿಗೆ ಮುಂಚೆ ಮತ್ತೆ ಹೊನ್ನೆಬೈಲಿಗೇ ಪ್ರಭಾರರಾಗಿ ಬಂದಿರುವ ಸೀತಾರಾಮಪ್ಪನವರ ಕೋಣೆಗೆ ಹೋದರು.

“ಸರ್, ಆ ವರ್ಷ ನೀವೇ ಫೋನ್ ಮಾಡಿದ್ದು.”

“ಯಾವ ವರ್ಷ?”

“ವಂದನಾ ಮೇಡಂ ಬಾಣಂತನ.”

“ನೆನಪಿಲ್ಲ ಮಾರಾಯ್ರೆ. ನಂಗೀಗ ಬಿ.ಪಿ. ಮಾತ್ರೆ ತಗಂಡಿದ್ದೇ ನೆನಪಿರಲ್ಲ.” ಆಮೇಲೆ ಸ್ವರ ತಗ್ಗಿಸಿ, “ನೋಡಿ, ಇನ್ನೊಬ್ರ ಸಹಿ ಹಾಕಿದೀನಿ ಅಂತ ನೀವು ಬರ್ದು ಕೊಟ್ರೆ ಅದು ಕ್ರಿಮಿನಲ್ ಆಗ್ತದೆ. ಅವ್ಳೂ ಹೋಗ್ತಾಳೆ, ನೀವೂ ಹೋಗ್ತೀರಿ, ಹೊರಗಿನವ್ನು ಯಾರೋ ಬಂದು ಕೂರ್ತಾನೆ. ಸುಮ್ನಿರಿ. ಈ ಸಲ ಬೀಳ್ಕೊಡುಗೆ ಜೋರಾಗೇ ಮಾಡುವ. ಮೈಸೂರು ಪೇಟ ತರ್ಸುವ.”

ಫೋನು ಮಾಡಿದ್ದು ನೆನಪಿಲ್ಲದ ಮನುಷ್ಯನಿಗೆ ಸಹಿ ಬೇರೆಯವರದು ಎಂಬುದು ಹೇಗೆ ನೆನಪಿತ್ತು ಎಂದು ಕೇಳುವ ಬುದ್ಧಿ ಮೇಷ್ಟ್ರಿಗೆ ಬಸ್ಸು ಹತ್ತಿದ ಮೇಲೆ ಬಂತು. ಇಂಥವರಿಗೆ ಯಾವಾಗಲೂ ಹಾಗೇ.

ಮನೆಯಲ್ಲಿ ಜಲಜಮ್ಮ ಕಾದಿದ್ದರು. ವಿಷಯ ಬಸ್ಸಿಗಿಂತ ಮೊದಲೇ ಮನೆ ಮುಟ್ಟಿತ್ತು.

“ಪೇಟ ತಂದ್ಯನ?”

“ಸುಮ್ನಿರೆ ಅವ್ವ.”

“ಯಾಕ್ ಸುಮ್ನಿರ್ಲಿ? ನಿನ್ ಅಜ್ಜ ಗದ್ದೆ ಬಿಟ್ಟ, ನಿನ್ ಅಪ್ಪ ಕಾಗ್ದ ಬಿಟ್ಟ, ನೀನು ಕುರ್ಚಿ ಬಿಟ್ಟೆ. ಬಿಟ್ಟುಕೊಡೋದ್ರಲ್ಲಿ ಪೀಯೆಚ್‌ಡಿ ಕೊಡ್ತಿದ್ರೆ ಈ ಮನೇಲಿ ಮೂರಿರ್ತಿತ್ತು. ಆ ಹುಡ್ಗಿಗೆ ಹೇಳು, ಬಾಯಿ ಬಿಡ್ಲಿ.”

“ಅವ್ಳಿಗೂ ಕೂಸಿದೆ.”

“ನಂಗೂ ಇದೆ. ನಲವತ್ತಾರ್ ವರ್ಷದ್ದು. ಇಲ್ಲೇ ಕೂತು ಮಾತ್ ಕಲೀತಾ ಇದೆ.”

ಮೇಷ್ಟ್ರು ವಂದನಾಗೆ ಹೇಳಲಿಲ್ಲ. ಫೋನೂ ಮಾಡಲಿಲ್ಲ. ಅವಳು ಸುಮ್ಮನಿದ್ದರೆ ಅವಳ ತಪ್ಪಲ್ಲ ಎಂದು ತಮಗೆ ತಾವೇ ಮೂರು ದಿನ ಪಾಠ ಮಾಡಿಕೊಂಡರು. ಆದರೆ ಆ ಮೂರೂ ದಿನ ಫೋನು ರಿಂಗಾದಾಗಲೆಲ್ಲ ಮೊದಲು ಹೆಸರು ನೋಡುತ್ತಿದ್ದರು.

ಸೋಮವಾರ ವಂದನಾ ತಾವಾಗಿಯೇ ಕಾಲೇಜಿಗೆ ಬಂದರು. ವರಾಂಡದ ಮೂಲೆಯಲ್ಲಿ ನಿಂತು ಫೋನಿನಲ್ಲಿ ಗಂಡನ ಜೊತೆ ತಮ್ಮ ಮನೆಮಾತಿನಲ್ಲಿ ಮಾತಾಡುತ್ತಿದ್ದದ್ದು ಸ್ಟಾಫ್ ರೂಮಿಗೆ ಕೇಳುತ್ತಿತ್ತು.

“ಎಂತ ಆಗ್ತು ಆಗ್ಲಿ ಶ್ರೀಶ. ಆನು ಬರ್ದು ಕೊಡ್ತಿ. ಆ ಪಟ್ಟಿಲಿ ಎನ್ನ ಹೆಸ್ರು ಮೇಲೆ ನೋಡಿ ಎಂಗೆ ನಾಚಿಕೆ ಆಗ್ತು. ಇಲ್ಲೆ, ಹೆದ್ರಿಕೆ ಇಲ್ಲೆ... ಇದ್ದು. ಇದ್ರೂ ಕೊಡ್ತಿ.”

ಒಳಗೆ ಬಂದು ಮೇಷ್ಟ್ರ ಎದುರು ಕಾಗದ ಇಟ್ಟರು. ಆ ಐದು ತಿಂಗಳು ತಾನು ಕಾಲೇಜಿಗೆ ಬಂದಿಲ್ಲ, ಪಾಠ ಮಾಡಿದ್ದು ಕೆರಿಯಪ್ಪನವರು, ಪ್ರಾಂಶುಪಾಲರಿಗೆ ಗೊತ್ತಿದ್ದೇ ನಡೆದದ್ದು.

“ನಿಮ್ ಕೆಲ್ಸ ಹೋಗ್ತದೆ ಮೇಡಂ.”

“ಹೋಗ್ಲಿ ಸರ್. ನೀವು ಒಂದ್ಸಲ ಬಿಟ್ಕೊಟ್ರಿ, ನಾನು ಸುಮ್ನೆ ತಗಂಡೆ. ಎರಡನೇ ಸಲವೂ ತಗಂಡ್ರೆ ಅದು ಕದ್ದಂಗೆ. ನೀವೂ ಬರೀರಿ. ಬರೀದೆ ಇದ್ರೆ ನಾನ್ ಹೇಳಿದ್ದು ಸುಳ್ಳು ಅಂತಾರೆ.”

ಮೇಷ್ಟ್ರು ಅವರ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಬರೆದರು: ಇನ್ನೊಬ್ಬರ ಸಹಿ ಹಾಕಿದ್ದು ನಿಜ, ತಪ್ಪು, ಶಿಕ್ಷೆ ಕೊಟ್ಟರೆ ಒಪ್ಪುತ್ತೇನೆ. ಆದರೆ ಪಾಠ ಮಾಡಿದ್ದೂ ನಿಜ. ಅದನ್ನೂ ಬರೆದುಕೊಳ್ಳಿ.

ಎರಡೂ ಕಾಗದ ತೆಗೆದುಕೊಂಡ ಕಚೇರಿಯ ಗುಮಾಸ್ತ ದಿನೇಶ್ ಓದಿ ತಲೆ ಕೆರೆದುಕೊಂಡ. ಅವನಿಗೆ ಮೇಷ್ಟ್ರ ಮೇಲೆ ಪ್ರೀತಿ, ಅವರದೇ ಶಿಷ್ಯ, ಆದರೆ ಆ ಬ್ಯಾಚಿಗಿಂತ ಹಿಂದಿನವನು.

“ಸರ್, ಇವೆರಡೇ ಸಾಕಾಗಲ್ಲ. ಒಬ್ರು ಫಾಯ್ದೆ ಆಗೋರು, ಒಬ್ರು ಫಾಯ್ದೆ ಬಿಡೋರು. ‘ಒಳಒಪ್ಪಂದ’ ಅಂತ ಷರಾ ಬರ್ದು ಫೈಲ್ ಮುಚ್ತಾರೆ, ಜೊತೆಗೆ ಇಬ್ರನ್ನೂ ಮನೆಗೆ ಕಳಿಸ್ತಾರೆ. ಆಗ ಕ್ಲಾಸಲ್ಲಿ ಕೂತಿದ್ರಲ್ಲ, ಅವ್ರು ಬಂದ್ ಹೇಳ್ಬೇಕು. ಹತ್ತಿಪ್ಪತ್ ಜನ ಬರ್ಕೊಟ್ರೆ ವಿಚಾರಣೆ ಮಾಡ್ದೆ ಮುಚ್ಚೋಕಾಗಲ್ಲ. ಸಾಹೇಬ್ರಿಗೂ ನೆನಪು ಬರ್ತದೆ.”

ಆ ಸಂಜೆಯೇ ದಿನೇಶ್ ಆ ಬ್ಯಾಚಿನ ವಾಟ್ಸಾಪ್ ಗುಂಪಿಗೆ ವಿಷಯ ಹಾಕಿಸಿದ. ನಲವತ್ಮೂರರಲ್ಲಿ ಮೂವತ್ತೊಂಬತ್ತು ಮಂದಿ ಆ ಗುಂಪಿನಲ್ಲಿದ್ದಾರೆ. ಶಿಕ್ಷಕರ ದಿನಾಚರಣೆಗೆ ಗುಲಾಬಿ, ದೀಪ, ಕೈಮುಗಿದ ಬೊಂಬೆ, ಎಲ್ಲ ಬೆಳಿಗ್ಗೆ ಆರಕ್ಕೇ ಬೀಳುವ ಗುಂಪು ಅದು. ಅವತ್ತು ಮೂವತ್ತೊಂಬತ್ತೂ ಜನ ಓದಿದ ಗುರುತು ಬಿತ್ತು. ಉತ್ತರ ಬಂದದ್ದು ಹನ್ನೊಂದು.

“ಸರ್ ದೇವರಂಥವರು.” ಇದು ಬ್ಯಾಂಕಿನಲ್ಲಿರುವವನು. ದೇವರಿಗೆ ಸಾಕ್ಷಿ ಬೇಕಿಲ್ಲವೆಂದು ಅವನ ಎಣಿಕೆ.

“ನಂದು ಸರ್ಕಾರಿ ಕೆಲ್ಸ, ನಂಗೆ ತೊಂದ್ರೆ ಆಗುತ್ತೆ, ಬೇರೆಯವ್ರು ಬರೀರಿ ಪ್ಲೀಸ್.” ಪ್ರಾಥಮಿಕ ಶಾಲೆಯ ಮೇಷ್ಟ್ರು.

“ಇದರಲ್ಲಿ ರಾಜಕೀಯ ಬೇಡ.” ಇದನ್ನು ಬರೆದವನು ಗ್ರಾಮ ಪಂಚಾಯಿತಿ ಸದಸ್ಯ ಯೋಗರಾಜ್.

ಉಳಿದವು ಕೈಮುಗಿದ ಬೊಂಬೆಗಳು. ಮಂಗಳವಾರ ಕಾಲೇಜಿಗೆ ಬಂದು ಬರೆದು ಕೊಟ್ಟವರು ಮೂವರು. ಹೊನ್ನೆಬೈಲು ಬಸ್‌ಸ್ಟ್ಯಾಂಡಿನಲ್ಲಿ ಟೈಲರಿಂಗ್ ಮಾಡುವ ಲಿಖಿತಾ. ಜೆಸಿಬಿ ಓಡಿಸುವ ಒಬ್ಬ. ಕೂಸನ್ನೆತ್ತಿಕೊಂಡು ಹುಂಚದಿಂದ ಬಸ್ಸಿನಲ್ಲಿ ಬಂದ ಇನ್ನೊಬ್ಬಳು. ಕಳೆದುಕೊಳ್ಳಲು ಒಳ್ಳೆಯ ಕೆಲಸವಿಲ್ಲದವರು ಮೂವರು ಬಂದರು. ಅರ್ಥಶಾಸ್ತ್ರದಲ್ಲಿ ಪಾಸಾಗಿ ಒಳ್ಳೆಯ ಕೆಲಸ ಹಿಡಿದವರು ಒಬ್ಬರೂ ಬರಲಿಲ್ಲ. ವಿವೇಕಿಗಳು.

ಮೂರು ಸಾಲದು ಎಂದಿದ್ದಾನೆ ದಿನೇಶ್. ಮೇಷ್ಟ್ರು “ಅವ್ರಿಗೆಲ್ಲ ಯಾಕ್ ತೊಂದ್ರೆ ಕೊಡ್ತೀಯ, ಬಿಡು” ಎನ್ನುತ್ತಿದ್ದಾರೆ. ಎನ್ನುತ್ತಲೇ ದಿನಾ ಬೆಳಿಗ್ಗೆ ಅದೇ ಬಸ್ಸಿನಲ್ಲಿ ಬಂದು, ಇನ್ಯಾರಾದರೂ ಬಂದರೇ ಎಂದು ಕಚೇರಿಯ ಬಾಗಿಲಲ್ಲಿ ಇಣುಕಿ, ಸ್ಟಾಫ್ ರೂಮಿನಲ್ಲಿ ಕೂರುತ್ತಾರೆ. ಬುಧವಾರ ಯಾರೂ ಬಂದಿರಲಿಲ್ಲ. ಅವರು ಮಧ್ಯಾಹ್ನದ ಬುತ್ತಿ ಬಿಚ್ಚದೆ ಹಾಗೆಯೇ ವಾಪಸ್ಸು ಒಯ್ದರು.

ಗುರುವಾರ ಸಂಜೆ ಐದಕ್ಕೆ ಗಡುವು ಮುಗಿಯುತ್ತದೆ. 2017–18ರಲ್ಲಿ ಹೊನ್ನೆಬೈಲಿನ ಎರಡನೇ ಬಿ.ಎ.ಯಲ್ಲಿ ಕೂತು ಆ ಮನುಷ್ಯನ ಪಾಠ ಕೇಳಿ, ಅದೇ ಅಂಕಪಟ್ಟಿ ಹಿಡಿದು ಇವತ್ತು ಸಂಬಳ ಎಣಿಸುತ್ತಿರುವ ನೀವು ನಾಲ್ಕು ಗಂಟೆಯೊಳಗೆ ಆ ಕಚೇರಿಗೆ ಹೋಗಿ. ನಿಮ್ಮ ರಿಜಿಸ್ಟರ್ ನಂಬರು ಬರೆಯಿರಿ, ನಮಗೆ ಪಾಠ ಮಾಡಿದ್ದು ಜಿ. ಕೆರಿಯಪ್ಪ ಎಂದು ಬರೆಯಿರಿ, ಕೆಳಗೆ ನಿಮ್ಮ ಹೆಸರು ಹಾಕಿ. ನೀವು ಆ ಕ್ಲಾಸಿನಲ್ಲಿ ಇರಲಿಲ್ಲವೋ? ಇದ್ದವರೊಬ್ಬರು ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಇದ್ದಾರೆ. ಅವರ ಕೈಯಿಂದ ಫೋನು ಕಿತ್ತಿಟ್ಟು ಬಸ್ಸು ಹತ್ತಿಸಿ.